ನಾಲ್ಕೊಂದ್ಲೆ ಒಂದು

ಭಾನುವಾರದ ಊಟ ಮುಗಿದು ಮೇಜಿನ ಮೇಲಿನ ತಟ್ಟೆಗಳು ಇನ್ನೂ ಒಳಗೆ ಹೋಗುವ ಮೊದಲೇ ಮುಳ್ಳಪ್ಪನವರು ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡು, ಮನೆಯ ಚರಿತ್ರೆಯಲ್ಲಿ ಬಂಗಾರದ ಅಕ್ಷರಗಳಲ್ಲಿ ಅಲ್ಲದಿದ್ದರೂ ಬಾಲ್‌ಪೆನ್ನಿನಲ್ಲಾದರೂ ಬರೆದಿಡಬೇಕಾದಂಥ ಒಂದು ಪ್ರಕಟಣೆ ಹೊರಡಿಸಿದರು. ಏನೆಂದರೆ, ಈ ಕ್ಷಣದಿಂದ ಹಿತ್ತಲಿನ ಶೆಡ್ಡನ್ನು ಯಾರೂ ಶೆಡ್ಡು ಎಂದು ಕರೆಯತಕ್ಕದ್ದಲ್ಲ. ಅದು ವರ್ಕ್‌ಶಾಪ್. ಅಭ್ಯಾಸಬಲದಿಂದ ಶೆಡ್ಡು ಎಂದವರನ್ನು ಈ ಒಂದು ವಾರದ ಮಟ್ಟಿಗೆ ಕ್ಷಮಿಸಲಾಗುವುದು.

ಸಭೆಯಲ್ಲಿ ಹಾಜರಿದ್ದವರು ಮೂವರು. ಮುಳ್ಳಪ್ಪನವರ ತಾಯಿ ಕುಡಿಯಲು ನೀರು ಕೇಳಿದರು. ಪ್ರತಿ ಭಾನುವಾರ ಊಟದ ಹೊತ್ತಿಗೆ ಸರಿಯಾಗಿ ಇದೇ ಬೀದಿಯಲ್ಲಿ ಏನೋ ಕೆಲಸ ಬೀಳುವ ಭಾವಮೈದ, ಹಲ್ಲಿಗೆ ಕಡ್ಡಿ ಹಾಕಿಕೊಂಡು ಕಿಸಕ್ಕನೆ ನಕ್ಕ. ಹೆಂಡತಿ ಮಾತ್ರ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡರು.

"ರೀ, ಒಳಗಿರೋ ಇಲಿಗಳಿಗೆ ತಿಳಿಸಿದ್ರಾ? ಪಾಪ, ಅವು ಇನ್ನೂ ಶೆಡ್ಡಲ್ಲೇ ಇದೀವಿ ಅಂದ್ಕೊಂಡಿರ್ತವೆ."

ಮುಳ್ಳಪ್ಪ ಎಂಬುದು ಅವರ ಹೆಸರಲ್ಲ, ಬಿರುದು. ಪೇಟೆಯಲ್ಲಿ ಒಂದು ಕಟ್ಟಡದ ಮೆಟ್ಟಿಲ ಕೆಳಗೆ, ನಿಂತರೆ ತಲೆಯೂ ಕೂತರೆ ಮೊಣಕಾಲೂ ತಗಲುವಂಥ ಅಂಗಡಿಯಲ್ಲಿ ಅವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ದಿನವಿಡೀ ಚಿಕ್ಕ ಮುಳ್ಳು, ದೊಡ್ಡ ಮುಳ್ಳು, ಸೆಕೆಂಡಿನ ಮುಳ್ಳುಗಳ ಸಹವಾಸ. ಹೂವಿನಂಥ ಮನುಷ್ಯನಿಗೆ ಊರು ಮುಳ್ಳಪ್ಪ ಎಂದು ಹೆಸರಿಟ್ಟಿತು. ಅವರ ದೃಷ್ಟಿಯಲ್ಲಿ ಈ ಜಗತ್ತಿನಲ್ಲಿರುವುದು ಎರಡೇ ಬಗೆಯ ವಸ್ತುಗಳು. ಒಂದು ಗಡಿಯಾರ. ಇನ್ನೊಂದು, ಇನ್ನೂ ಬಿಚ್ಚಿ ನೋಡಿರದ ಗಡಿಯಾರ. ಮೋಟಾರು ಗಾಡಿ ಎರಡನೆಯ ಜಾತಿಗೆ ಸೇರಿದ್ದು. ಹಲ್ಲುಚಕ್ರ ಇದೆ, ಸ್ಪ್ರಿಂಗ್ ಇದೆ, ತಿರುಪುಗಳಿವೆ, ಬಿಟ್ಟರೆ ಓಡುತ್ತದೆ. ಕೈಗೆ ಕಟ್ಟಿಕೊಳ್ಳಲು ಬರುವುದಿಲ್ಲ ಎಂಬುದೊಂದು ಬಿಟ್ಟರೆ ಬೇರೇನು ವ್ಯತ್ಯಾಸ?

ಶೆಡ್ಡಿನಲ್ಲಿ, ಕ್ಷಮಿಸಿ, ವರ್ಕ್‌ಶಾಪಿನಲ್ಲಿ ಇಂಥ ನಾಲ್ಕು ಗಾಡಿಗಳಿದ್ದವು. ಮೊದಲನೆಯದು ಮುಳ್ಳಪ್ಪನವರ ತೀರಿಹೋದ ತಂದೆಯ ಕಪ್ಪು ಕಾರು. ತಾಯಿ ಅದನ್ನು ಈಗಲೂ "ನಮ್ಮನೆಯವರ ಕಾರು" ಎಂದೇ ಹೇಳುತ್ತಿದ್ದರು, ಯಜಮಾನರು ಪೇಟೆಗೆ ಹೋಗಿದ್ದಾರೆ, ಇನ್ನೇನು ಬಂದು ತೆಗೆಯುತ್ತಾರೆ ಎನ್ನುವ ಧಾಟಿಯಲ್ಲಿ. ಎರಡನೆಯದು ಹೆಂಡತಿಯ ಸ್ಕೂಟರು. ಆಕೆ ಬೀದಿಗೆಲ್ಲ ಹೊಲಿಗೆ ಟೀಚರು. ಹೊಲಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿ ಬರುತ್ತಿದ್ದದ್ದು ಅದರಲ್ಲೇ, ಒಂದು ದಿನ ಅದು ನಡುದಾರಿಯಲ್ಲಿ ಕೈಕೊಡುವ ತನಕ. ಮೂರನೆಯದು ಭಾವಮೈದನ ಮೂರು ಚಕ್ರದ ಸಾಮಾನು ಗಾಡಿ. ಅವನು ಒಂದು ಕಾಲದಲ್ಲಿ ಕುಡಿಯುವ ನೀರಿನ ವ್ಯಾಪಾರ ಮಾಡಿದ್ದ. ವ್ಯಾಪಾರ ನೀರಿನಂತೆಯೇ ಹರಿದುಹೋಗಿ ಗಾಡಿ ಮಾತ್ರ ಉಳಿದಿತ್ತು. ನಾಲ್ಕನೆಯದು ಎದುರುಮನೆಯವರ ಮೋಟಾರ್‌ಸೈಕಲ್. ಅವರು ರಿಟೈರಾದ ಪೊಲೀಸ್ ಅಧಿಕಾರಿ. ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೀದಿಯನ್ನು ಕಾಯುತ್ತಿದ್ದುದರಿಂದ ಕುರ್ಚಿ ಸಾಹೇಬರು ಎಂದು ಹೆಸರಾಗಿದ್ದರು. "ರಿಪೇರಿ ಮಾಡಿಸೋವರೆಗೂ ಇರ್ಲಿ" ಎಂದು ಬೈಕನ್ನು ಇವರ ಶೆಡ್ಡಿಗೆ ತಳ್ಳಿ, ತಾವು ಕುರ್ಚಿ ಹಿಡಿದವರು ಮತ್ತೆ ಎದ್ದಿರಲಿಲ್ಲ.

ಪ್ರಕಟಣೆಗೆ ಕಾರಣವಿತ್ತು. ಬರುವ ತಿಂಗಳು ನಗರಸಭೆಯವರು ಹಳೆ ವಾಹನಗಳ ಮೆರವಣಿಗೆ ಇಟ್ಟುಕೊಂಡಿದ್ದರು. ನಲವತ್ತು ವರ್ಷ ತುಂಬಿರಬೇಕು, ತಾನಾಗಿ ಓಡಬೇಕು, ಎರಡೇ ಷರತ್ತು. ನಲವತ್ತು ದಾಟಿದವರಿಗೂ ಊರಲ್ಲಿ ಮೆರವಣಿಗೆ ಇದೆ ಎಂಬ ಸುದ್ದಿ ಕೇಳಿಯೇ ಮುಳ್ಳಪ್ಪನವರ ಎದೆ ಒಂದು ಸುತ್ತು ಹೆಚ್ಚಾಗಿತ್ತು. ನಾಲ್ಕೂ ಗಾಡಿಗಳನ್ನು ಹೊಸದಾಗಿ ಹಳೆಯದು ಮಾಡಿ ಸಾಲಾಗಿ ಓಡಿಸುತ್ತೇನೆ ಎಂದು ಅವರು ಸಭೆಗೆ ತಿಳಿಸಿದರು.

ಆದರೆ ಆ ಶೆಡ್ಡಿನ ಮೇಲೆ ಹೆಂಡತಿಗೂ ಬಹಳ ದಿನದಿಂದ ಕಣ್ಣಿತ್ತು. ಅವರ ಹೊಲಿಗೆ ಕ್ಲಾಸು ನಡೆಯುತ್ತಿದ್ದದ್ದು ಮುಂದಿನ ಜಗುಲಿಯಲ್ಲಿ. ಕಲಿಯಲು ಬಂದವರು ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಲುಬಿಗೆ ತಾಗುವಷ್ಟು ಒತ್ತಾಗಿ ಕೂರಬೇಕು. ಮಳೆ ಬಂದರೆ ಬಟ್ಟೆ ಒದ್ದೆ, ಬಿಸಿಲು ಬಂದರೆ ಟೀಚರು ಒದ್ದೆ. ಮೊನ್ನೆ ಮೊನ್ನೆ ಒಬ್ಬಾಕೆ ತನ್ನ ತೋಳಿನ ಜೊತೆ ಪಕ್ಕದವಳ ಸೆರಗನ್ನೂ ಸೇರಿಸಿ ಹೊಲಿದಿದ್ದಳು. ಶೆಡ್ಡು ಸಿಕ್ಕರೆ ಮಿಷಿನ್ನುಗಳು ಕಾಲು ಚಾಚಿ ಕೂರಬಹುದಿತ್ತು.

"ನಾಲ್ಕು ಬೇಡ," ಎಂದರು ಹೆಂಡತಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ. "ಒಂದು. ಒಂದೇ ಒಂದು ಗಾಡಿ ಮೆರವಣಿಗೇಲಿ ಓಡ್ಲಿ. ಶೆಡ್ಡು ನಿಮ್ದು, ನಾನು ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ. ಓಡ್ಲಿಲ್ಲ ಅಂದ್ರೆ ಮಾರನೇ ದಿನ ನನ್ನ ಮಿಷಿನ್ ಒಳಗೆ, ನಿಮ್ಮ ಹಳೇ ಗಾಡಿಗಳು ಗುಜರಿಗೆ."

ಮುಳ್ಳಪ್ಪನವರು ಒಪ್ಪಿದರು. ಒಪ್ಪಂದಕ್ಕೆ ಭಾವಮೈದ ಸಾಕ್ಷಿಯಾದ. ತಾಯಿ ಇನ್ನೂ ನೀರಿಗಾಗಿ ಕಾಯುತ್ತಿದ್ದರು.

ಇಲ್ಲಿ ಗಡಿಯಾರದ ಅಂಗಡಿಯ ಎರಡು ಪದ್ಧತಿಗಳನ್ನು ಓದುಗರಿಗೆ ತಿಳಿಸುವುದು ಅವಶ್ಯಕ. ಮುಂದೆ ಆದ ಅನಾಹುತಕ್ಕೆಲ್ಲ ಅವೇ ಕಾರಣ. ಮೊದಲನೆಯ ಪದ್ಧತಿ ಮಾತಿನದು. ಅಂಗಡಿಗೆ ಯಾರೇ ಬಂದು ನಮ್ಮದು ಆಯಿತಾ ಎಂದು ಕೇಳಿದರೂ ಮುಳ್ಳಪ್ಪನವರು "ನಿಮ್ದೇ ಮೊದ್ಲು" ಎನ್ನುತ್ತಿದ್ದರು. ಅದು ಸುಳ್ಳಲ್ಲ, ಉಸಿರಾಟ. ಎರಡನೆಯದು ಕೈಯ ಪದ್ಧತಿ. ಬಿಚ್ಚಿದ ಭಾಗಗಳನ್ನು ಜಾತಿವಾರು ವಿಂಗಡಿಸುವುದು. ಸ್ಪ್ರಿಂಗುಗಳೆಲ್ಲ ಒಂದು ಡಬ್ಬಿ, ತಿರುಪುಗಳೆಲ್ಲ ಒಂದು ಡಬ್ಬಿ, ಚಕ್ರಗಳೆಲ್ಲ ಒಂದು ಡಬ್ಬಿ. ಅಂಗಡಿಯಲ್ಲಿ ಒಂದು ಹೊತ್ತಿಗೆ ಒಂದೇ ಗಡಿಯಾರ ಬಿಚ್ಚುತ್ತಿದ್ದುದರಿಂದ ತೊಂದರೆಯಿರಲಿಲ್ಲ.

ಶೆಡ್ಡಿನಲ್ಲಿ ಅವರು ನಾಲ್ಕನ್ನೂ ಒಟ್ಟಿಗೇ ಬಿಚ್ಚಿದರು. ತೊಳೆಯಲು ಸೀಮೆಎಣ್ಣೆ ಒಂದು ದೊಡ್ಡ ಟಬ್ಬಿನ ತುಂಬ ಸುರಿದಾಗಿದೆ; ನಾಲ್ಕು ಸಲ ಯಾಕೆ ಕೊಳೆ ಮಾಡಬೇಕು, ಒಂದೇ ಸಲ ಎಲ್ಲವೂ ಮಿಂದುಬಿಡಲಿ ಎಂಬ ಮಿತವ್ಯಯದ ಲೆಕ್ಕಾಚಾರ. ನೆಲಕ್ಕೆ ಬಿಳಿ ಹಾಸುಬಟ್ಟೆ ಹಾಸಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಕಾರಿನ ಚಕ್ರವನ್ನು ಭೂತಗನ್ನಡಿಯಲ್ಲಿ ನೋಡಿದ ಮೊದಲ ಮನುಷ್ಯ ಬಹುಶಃ ಅವರೇ. ಸಾಲು ಸಾಲು ಬಕೆಟ್ಟುಗಳು ಬಂದವು: ಬೋಲ್ಟಿನ ಬಕೆಟ್ಟು, ನಟ್ಟಿನ ಬಕೆಟ್ಟು, ಸ್ಪ್ರಿಂಗಿನ ಬಕೆಟ್ಟು, ವೈರಿನ ಬಕೆಟ್ಟು. ಸ್ನಾನದ ಮನೆಯಲ್ಲಿ ಒಂದೂ ಬಕೆಟ್ಟು ಉಳಿಯದೆ ಮನೆಯವರು ಮುಖ ತೊಳೆದುಕೊಂಡು ಸಮಾಧಾನ ಮಾಡಿಕೊಳ್ಳಬೇಕಾಯಿತು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಎರಡು ವಾರದ ಕೊನೆಗೆ ಆ ಶೆಡ್ಡಿನಲ್ಲಿ ಗಾಡಿ ಎಂದು ಕರೆಯಬಹುದಾದ ಒಂದೇ ಒಂದು ವಸ್ತುವೂ ಇರಲಿಲ್ಲ.

ಅಷ್ಟರಲ್ಲಿ ಮಾತಿನ ಪದ್ಧತಿಯೂ ತನ್ನ ಕೆಲಸ ಮಾಡಿತ್ತು. ಕುರ್ಚಿ ಸಾಹೇಬರು ಗೇಟಿನಿಂದಲೇ ಕೂಗಿ ಕೇಳಿದಾಗ ಮುಳ್ಳಪ್ಪನವರು ನಿಮ್ಮದೇ ಮೊದಲು ಎಂದಿದ್ದರು. ಸಾಹೇಬರು ಅಂದಿನಿಂದ ಪೆಟ್ಟಿಗೆಯಲ್ಲಿದ್ದ ಚರ್ಮದ ಜಾಕೆಟ್ಟನ್ನು ತೆಗೆದು ಬಿಸಿಲಿಗೆ ಹಾಕಿ, ಹೊಟ್ಟೆಯ ಹತ್ತಿರ ಗುಂಡಿ ಮುಚ್ಚಲಿ ಎಂದು ಸಂಜೆ ವಾಕಿಂಗ್ ಶುರುಮಾಡಿದರು. ಕುರ್ಚಿ ಖಾಲಿ ಕಂಡು ಬೀದಿ ಗಾಬರಿಯಾಯಿತು. ಭಾವಮೈದ ಕೇಳಿದಾಗಲೂ ನಿಮ್ಮದೇ ಮೊದಲು. ಅವನು ತನ್ನ ಮುಳುಗಿದ ಕಂಪನಿಯ ಹೆಸರು ಬರೆಸಿದ ಹೊಸ ಬೋರ್ಡು ಮಾಡಿಸಿಕೊಂಡು ಬಂದ, ಗಾಡಿಯ ಹಣೆಗೆ ಹಚ್ಚಲು. ತಾಯಿ ಕೇಳಿದರು, ನಿನ್ನದೇ ಮೊದಲಮ್ಮ. ಅವರು ತೀರಿಹೋದ ಯಜಮಾನರ ಟೋಪಿಯನ್ನು ಒಗೆದು ಒಣಹಾಕಿದರು. ಕೊನೆಗೆ ಹೆಂಡತಿ, ಪಣದ ಎದುರಾಳಿ, ಒಂದು ಸಂಜೆ ಟೀ ಕೊಡುವ ನೆಪದಲ್ಲಿ ಬಂದು, ಸುಮ್ಮನೆ ಕೇಳಿದೆ ಎನ್ನುವಂತೆ, ಸ್ಕೂಟರಿನ ಗತಿ ಏನು ಎಂದರು. ಟಬ್ಬಿನೊಳಗೆ ಮೊಣಕೈವರೆಗೆ ಮುಳುಗಿದ್ದ ಮುಳ್ಳಪ್ಪನವರು ತಲೆಯೆತ್ತದೆ "ನಿಮ್ದೇ ಮೊದ್ಲು, ನಾಳೆ ಬನ್ನಿ" ಎಂದುಬಿಟ್ಟರು.

ಒಂದು ದಿನ ಸಾಹೇಬರು ಖುದ್ದಾಗಿ ತಪಾಸಣೆಗೆ ಬಂದರು. ಬಾಗಿಲಲ್ಲಿ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಕೆಟ್ಟುಗಳ ಪೆರೇಡನ್ನು ಈ ತುದಿಯಿಂದ ಆ ತುದಿಯವರೆಗೆ ವೀಕ್ಷಿಸಿದರು.

"ನನ್ನ ಬೈಕೆಲ್ಲಿ?"

"ಸಾಹೇಬ್ರೇ," ಎಂದರು ಮುಳ್ಳಪ್ಪನವರು ಭಕ್ತಿಯಿಂದ, "ನೀವು ಯಾವ ಕಡೆ ನೋಡಿದ್ರೂ ನಿಮ್ಮ ಬೈಕೇ."

ಸಾಹೇಬರು ಕೆಲಸದಲ್ಲಿದ್ದಾಗ ಎಷ್ಟೋ ಕಳವಿನ ಗಾಡಿಗಳನ್ನು ಹುಡುಕಿದ್ದರಂತೆ. ಕಣ್ಣೆದುರೇ ಇದ್ದೂ ಕಾಣದ ಗಾಡಿ ಮಾತ್ರ ಇದೇ ಮೊದಲು ಎಂದು ಹೇಳಿ ಹೊರಟುಹೋದರು.

ಮೂರನೆಯ ವಾರ ಜೋಡಣೆ ಶುರುವಾಯಿತು. ಮೊದಲು ಸ್ಕೂಟರು, ಚಿಕ್ಕದು ಎಂಬ ಕಾರಣಕ್ಕೆ. ಮುಳ್ಳಪ್ಪನವರು ಬೋಲ್ಟಿನ ಬಕೆಟ್ಟಿಗೆ ಕೈ ಹಾಕಿ ಒಂದನ್ನು ತೆಗೆದರು. ಅದು ಕಾರಿನದು. ಇನ್ನೊಂದು ತೆಗೆದರು. ಅದು ಯಾರದೆಂದು ಅದಕ್ಕೇ ಗೊತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದ್ದ ಆ ಕಬ್ಬಿಣದ ಸಂತತಿಗೆ ತಂದೆತಾಯಿಯರ ಗುರುತೇ ಅಳಿಸಿಹೋಗಿತ್ತು. ಆದರೂ ಸರಿಹೋಗುವುದನ್ನು ಸರಿಹೋಗುವ ಕಡೆ ತಿರುಗಿಸಿ, ಹೋಗದ್ದನ್ನು ಸುತ್ತಿಗೆಯಿಂದ ಒಪ್ಪಿಸಿ ಸ್ಕೂಟರನ್ನು ನಿಲ್ಲಿಸಿದರು. ಬ್ರೇಕ್ ಒತ್ತಿದರೆ ಹಾರ್ನ್ ಆಗುತ್ತಿತ್ತು. ಹಾರ್ನ್ ಒತ್ತಿದರೆ ಹಿಂದಿನ ಚಕ್ರ ಕಳಚಿ, ಬಾಗಿಲು ದಾಟಿ, ಮನೆ ಬಳಸಿ, ಜಗುಲಿ ಹತ್ತಿ, ಹೊಲಿಗೆ ಕ್ಲಾಸಿನ ಮಧ್ಯೆ ಹೋಗಿ ಮಲಗಿತು. ಮೂವರು ಹೆಂಗಸರು ಮಿಷಿನ್ ಹತ್ತಿ ನಿಂತರು. "ಸ್ಕೂಟರ್ ಬಂತು," ಎಂದರು ಹೆಂಡತಿ ಶಾಂತವಾಗಿ, "ಮಿಕ್ಕಿದ್ದು ಹಿಂದಿನಿಂದ ಬರತ್ತೇನೋ."

ಪೇಟೆಯ ದೊಡ್ಡ ಮೆಕ್ಯಾನಿಕ್ಕನನ್ನು ಕರೆಸಲಾಯಿತು. ಆತ ಬಂದವನೇ ಬಕೆಟ್ಟುಗಳನ್ನು ನೋಡಿ, ಕೂರಲು ಒಂದು ಸ್ಟೂಲು ಕೇಳಿದ.

"ಇದನ್ನ ಬಿಚ್ಚಿದ್ದು ಯಾರು?"

"ನಾನೇ."

"ಒಬ್ರೇನಾ?"

"ಒಬ್ನೇ."

ಮೆಕ್ಯಾನಿಕ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. ಆಮೇಲೆ, ತಾನು ಇಷ್ಟು ವರ್ಷ ಅಪಘಾತವಾದ ಗಾಡಿಗಳನ್ನೇ ರಿಪೇರಿ ಮಾಡಿದವನು, ಆದರೆ ನಿಂತಲ್ಲೇ ಇಂಥ ಅಪಘಾತ ಆಗಬಹುದೆಂದು ತಿಳಿದಿರಲಿಲ್ಲ ಎಂದ. ಎರಡು ಬೋಲ್ಟು ಹಿಡಿದು ನೋಡಿದ, ತಾನೂ ತಪ್ಪು ಹೇಳಿದ, ತಲೆ ಕೆರೆದುಕೊಂಡ, ಟೀ ಕುಡಿದ, ತನ್ನ ಮದುವೆಯಾದಾಗಿನಿಂದ ಇಷ್ಟು ಗೊಂದಲ ನೋಡಿಲ್ಲವೆಂದು ಹೇಳಿ ಎದ್ದುಹೋದ. ಹೋಗುವಾಗ ಒಂದು ಸಂಗತಿ ಮಾತ್ರ ತಿಳಿಸಿದ: ಕಾರಿನ ಎಂಜಿನ್ ಸೀಳಿದೆ, ಅದನ್ನು ಯಾವ ಡಾಕ್ಟರೂ ಬದುಕಿಸಲಾರ.

ಆ ಸಂಜೆ ಮುಳ್ಳಪ್ಪನವರು ಊಟಕ್ಕೆ ಬರಲಿಲ್ಲ. ಹೆಂಡತಿ ಹೋಗಿ ನೋಡಿದರೆ ಅವರು ಬಿಳಿ ಹಾಸುಬಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಒಂದು ಸ್ಪ್ರಿಂಗನ್ನು ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು ಮಾಡುತ್ತಾ ಕೂತಿದ್ದರು. ಗೆದ್ದೆ ಎಂದು ಅಳತೆ ಟೇಪು ಹಿಡಿದುಕೊಂಡೇ ಬಂದಿದ್ದ ಆಕೆ ಟೇಪನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಬೋಲ್ಟಿನ ಬಕೆಟ್ಟನ್ನು ಸರಿಸಿ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಆ ತುಂಡುಗಳ ರಾಶಿಯನ್ನು, ಹೊಲಿಗೆಯವರು ಬಟ್ಟೆಯನ್ನು ನೋಡುವ ಕಣ್ಣಿನಿಂದ ನೋಡಿದರು.

"ನಾಲ್ಕು ಜನರ ಬಟ್ಟೆ ಕತ್ತರಿಸಿ ಕೆಡಿಸಿದ್ರೆ ನಾನೇನು ಮಾಡ್ತೀನಿ ಹೇಳಿ."

"ಅಳ್ತೀಯಾ."

"ಆಮೇಲೆ?"

ಮುಳ್ಳಪ್ಪನವರು ಸ್ಪ್ರಿಂಗನ್ನು ಇನ್ನೊಮ್ಮೆ ಒತ್ತಿ ಬಿಟ್ಟರು.

"ಇದರ ಬೆನ್ನು, ಅದರ ತೋಳು, ಇನ್ನೊಂದರ ಕಾಲರ್ ಹಾಕಿ ಒಂದಾದ್ರೂ ಹೊಲೀತೀನಿ. ಎದ್ದು ಊಟ ಮಾಡಿ."

ಹೀಗೆ ಹೇಳಿಕೊಟ್ಟು ಒಳಗೆ ಹೋದ ಮೇಲೆಯೇ ಹೆಂಡತಿಗೆ ತಾನು ಯಾರ ವಿರುದ್ಧ ಪಣ ಕಟ್ಟಿದ್ದೇನೆಂಬುದು ನೆನಪಾದದ್ದು. ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದು ಎದುರುಮನೆಗೂ ಕೇಳಿಸಿತಂತೆ.

ಮರುದಿನದಿಂದ ಕಸಿ ಕೆಲಸ ಶುರುವಾಯಿತು. ಕಾರಿನ ಚಾಸಿಸ್ಸು, ಅಂದರೆ ಅಡಿಯ ಚೌಕಟ್ಟು, ಅದರ ಮೇಲೆ ಕಾರಿನ ಮೈ. ಅದರೊಳಗೆ ಭಾವಮೈದನ ಸಾಮಾನು ಗಾಡಿಯ ಎಂಜಿನ್ನು, ಕೈಯಿಂದ ಲಿವರ್ ಎಳೆದು ಎಬ್ಬಿಸುವಂಥದ್ದು. ಸಾಹೇಬರ ಬೈಕಿನ ಸೈಲೆನ್ಸರು. ಸ್ಕೂಟರಿನ ಹಾರ್ನು, ಕನ್ನಡಿ, ದೀಪ. ಕಾರಿನ ಒಂದು ಚಕ್ರ ತುಕ್ಕು ತಿಂದುಹೋಗಿದ್ದರಿಂದ ಆ ಮೂಲೆಗೆ ಸಾಮಾನು ಗಾಡಿಯ ಚಕ್ರ. ಅದು ಸ್ವಲ್ಪ ಚಿಕ್ಕದು. ಇದರಿಂದ ಕಾರಿಗೆ ಯಾವಾಗಲೂ ಒಂದು ಕಡೆ ವಾಲಿ, ಯಾರೋ ಗುಟ್ಟು ಹೇಳುವುದನ್ನು ಕೇಳಿಸಿಕೊಳ್ಳುತ್ತಿರುವ ಭಂಗಿ ಬಂತು. ಹರಿದುಹೋಗಿದ್ದ ಮೇಲ್ಛಾವಣಿಗೆ ಹೆಂಡತಿ ದಪ್ಪ ಬಟ್ಟೆ ಹೊಲಿದುಕೊಟ್ಟರು. ಗಂಡನ ಮೇಲಿನ ಪ್ರೀತಿಯಿಂದಲ್ಲ, ಅಡ್ಡಾದಿಡ್ಡಿ ಹೊಲಿಗೆ ತನ್ನ ಕಣ್ಣಿಗೆ ಆಗುವುದಿಲ್ಲ ಅಷ್ಟೇ, ಎಂದು ಕ್ಲಾಸಿನವರಿಗೆಲ್ಲ ಬಿಡಿಸಿ ಹೇಳಿದರು. ಅಂಚಿಗೆ ಲೇಸು ಯಾಕೆ ಇಟ್ಟರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕೊನೆಯ ಅಡಚಣೆ ಹಿಂದಿನ ಸೀಟು. ಬಿಚ್ಚಿದ ದಿನ ಅದನ್ನು ಹಾಲ್‌ನಲ್ಲಿ ತಂದಿಟ್ಟಿದ್ದರು. ಮುಳ್ಳಪ್ಪನವರ ತಾಯಿ ಅದರ ಮೇಲೆ ಒಂದು ಸಲ ಕೂತು ನೋಡಿದ್ದರು. ಆಮೇಲೆ ಏಳಲಿಲ್ಲ. ಇಷ್ಟು ವರ್ಷ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಇವರೆಲ್ಲ ತನ್ನ ಸೊಂಟಕ್ಕೆ ಮೋಸ ಮಾಡಿದ್ದಾರೆ ಎಂಬುದು ಅವರ ವಾದ. ಮಗ ಬೇಡಿಕೊಂಡ, ಸೊಸೆ ದಿಂಬು ತಂದಳು, ಭಾವಮೈದ ಎತ್ತಿ ಇಳಿಸುವ ಮಾತಾಡಿ ಬೈಸಿಕೊಂಡ.

"ಸೀಟು ಹೋಗೋ ಕಡೆ ನಾನೂ ಬರ್ತೀನಿ," ಎಂದರು ತಾಯಿ. "ನಾನು ಇಳಿಯಲ್ಲ. ಬೇಕಾದ್ರೆ ಹೀಗೇ ತಗೊಂಡು ಹೋಗಿ ಕೂರಿಸಿ."

ಹೀಗಾಗಿ ಸೀಟನ್ನು ತಾಯಿಯ ಸಮೇತ ಫಿಟ್ ಮಾಡಲಾಯಿತು.

ಮಂಗಳವಾರ ಬೆಳಿಗ್ಗೆ ಮುಳ್ಳಪ್ಪನವರು ಲಿವರ್ ಎಳೆದರು. ಏನೂ ಆಗಲಿಲ್ಲ. ಮತ್ತೆ ಎಳೆದರು. ಗಾಡಿ ಒಮ್ಮೆ ಕೆಮ್ಮಿತು, ಒಮ್ಮೆ ಸೀನಿತು, ಇಡೀ ಬೀದಿಗೆ ಹೊಗೆಯ ಪರದೆ ಇಳಿಬಿಟ್ಟಿತು, ಆಮೇಲೆ ಆ ಪರದೆಯನ್ನು ಸರಿಸಿಕೊಂಡು ತಾನೇ ಹೊರಗೆ ಬಂತು. ನಡೆಯುವವರು ಮುಂದೆ ಹೋಗುವಷ್ಟು ನಿಧಾನವಾದರೂ, ಓಡಿತು. ಜಗುಲಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಅವರ ಟೀಚರು ಎಲ್ಲರಿಗಿಂತ ಮೊದಲು ತಟ್ಟಿ, ಎಲ್ಲರಿಗಿಂತ ಮೊದಲು ನಿಲ್ಲಿಸಿದರು.

ಆದರೆ ಸಂತೋಷ ಬೀದಿಯ ತಿರುವಿನವರೆಗೂ ಬಾಳಲಿಲ್ಲ. ದುಡುದುಡು ಸದ್ದು ಕಿವಿಗೆ ಬಿದ್ದದ್ದೇ ಸಾಹೇಬರು ಜಾಕೆಟ್ ಹಾಕಿಕೊಂಡು ಓಡಿಬಂದರು. ಈ ಸದ್ದನ್ನು ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ, ಇದು ನನ್ನ ಬೈಕು, ಯಾಕೋ ಸ್ವಲ್ಪ ದಪ್ಪಗಾಗಿದೆ ಅಷ್ಟೇ, ಎಂದರು. ಭಾವಮೈದ ಬಾನೆಟ್ ಎತ್ತಿ ಎಂಜಿನ್ ತೋರಿಸಿ, ಹೃದಯ ಯಾರದೋ ಗಾಡಿ ಅವರದು ಎಂದು ವಾದ ಹೂಡಿ ಬೋರ್ಡು ಹಚ್ಚಲು ಮೊಳೆ ಹುಡುಕಿದ. ಒಳಗಿನಿಂದ ತಾಯಿ, ಯಜಮಾನರ ಕಾರಿಗೆ ಮೊಳೆ ಹೊಡೆದವರ ಕೈ ಮುರಿಯುತ್ತೇನೆ ಎಂದು ತಿಳಿಸಿದರು. ಈ ಗದ್ದಲದಲ್ಲಿ ಮುಳ್ಳಪ್ಪನವರು ದಾರಿ ಬಿಡಿ ಎಂದು ಹಾರ್ನ್ ಒತ್ತಿದ್ದೇ ತಪ್ಪಾಯಿತು. "ಅಯ್ಯೋ, ನನ್ನ ಸ್ಕೂಟ್ರು" ಎಂದು ಹೆಂಡತಿ ಕತ್ತರಿ ಸಮೇತ ಜಗುಲಿಯಿಂದ ಇಳಿದು ಬಂದರು.

ನಾಲ್ವರೂ ಮುಳ್ಳಪ್ಪನವರ ಕಡೆ ತಿರುಗಿದರು. ಇದು ಯಾರ ಗಾಡಿ?

"ನಿಮ್ದೇ" ಎಂದರು ಮುಳ್ಳಪ್ಪನವರು, ಯಾರ ಮುಖವನ್ನೂ ನಿರ್ದಿಷ್ಟವಾಗಿ ನೋಡದೆ.

ನಾಲ್ವರಿಗೂ ತೃಪ್ತಿಯಾಯಿತು. ಮೆರವಣಿಗೆಗೆ ನಾಲ್ವರೂ ಮಾಲೀಕರಾಗಿಯೇ ಬರುವುದೆಂದು ತೀರ್ಮಾನವಾಯಿತು. ಡ್ರೈವರ್ ಸ್ಥಾನ ಮಾತ್ರ ಉಳಿದಿತ್ತು. ಅದನ್ನು ಮುಳ್ಳಪ್ಪನವರಿಗೆ ಬಿಟ್ಟುಕೊಟ್ಟರು.

ಆ ಭಾನುವಾರ ಬೆಳಕು ಹರಿಯುತ್ತಲೇ ಹೊರಟರು. ತಾಯಿ ಟೋಪಿ ಹಾಕಿಕೊಂಡು ಹಿಂದಿನ ಸೀಟಿನ ನಡುವೆ, ಎಡಕ್ಕೆ ಸೊಸೆ, ಬಲಕ್ಕೆ ಬೋರ್ಡು ತಬ್ಬಿಕೊಂಡ ಭಾವಮೈದ, ಮುಂದೆ ಜಾಕೆಟ್ಟಿನ ಸಾಹೇಬರು. ದಾರಿಯಲ್ಲಿ ಪೇಪರ್ ಹಾಕುವವನೊಬ್ಬ ಸೈಕಲ್ಲಿನಲ್ಲಿ ಪಕ್ಕದಲ್ಲೇ ಬರುತ್ತಾ ಸಾಹೇಬರಿಗೆ ಮುಖಪುಟವನ್ನು ಪೂರ್ತಿ ಓದಿ ಹೇಳಿ, ಕ್ರೀಡಾ ಪುಟಕ್ಕೆ ಬರುವಾಗ ಬೇಸತ್ತು ಮುಂದೆ ಹೋದ. ಆದರೂ ಮೆರವಣಿಗೆ ಹೊರಡುವ ಮೊದಲೇ ಮೈದಾನ ಮುಟ್ಟಿದರು. ಅಲ್ಲಿ ಥಳಥಳ ಹೊಳೆಯುವ ಹಳೆ ಕಾರುಗಳು, ಅವುಗಳಿಗಿಂತ ಹೊಳೆಯುವ ಮಾಲೀಕರು. ಮುಳ್ಳಪ್ಪನವರ ಗಾಡಿ ಒಂದು ಕಡೆ ವಾಲಿಕೊಂಡು ಒಳಗೆ ಬಂದಾಗ ಎಲ್ಲರೂ ತಿರುಗಿ ನೋಡಿದರು. ಲೇಸಿನ ಛಾವಣಿ ಯಾವ ಕಾಲದ್ದೆಂದು ಒಬ್ಬರು ಇನ್ನೊಬ್ಬರನ್ನು ಕೇಳಿದರು. ರಾಜಮನೆತನದ್ದಿರಬೇಕು ಎಂಬ ಉತ್ತರ ಕಿವಿಗೆ ಬಿದ್ದು ಹೆಂಡತಿ ಬೆನ್ನು ನೇರ ಮಾಡಿ ಕೂತರು.

ಗಾಡಿಗಳ ವಯಸ್ಸು ಪರೀಕ್ಷಿಸಿ ಒಳಗೆ ಬಿಡಲು ಸಾರಿಗೆ ಇಲಾಖೆಯ ಒಬ್ಬ ಇನ್ಸ್‌ಪೆಕ್ಟರ್ ನಿಂತಿದ್ದರು. ಬಹಳ ಒಳ್ಳೆಯ ಮನುಷ್ಯ. ಅದೇ ಕಷ್ಟವಾಯಿತು. ಕೆಟ್ಟ ಮನುಷ್ಯನಾಗಿದ್ದರೆ ಜಗಳವಾಡಿ ಒಳಗೆ ನುಗ್ಗಬಹುದಿತ್ತು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು, ಬಾನೆಟ್ ಎತ್ತಿದರು, ಬಗ್ಗಿ ನೋಡಿದರು, ಮೆಚ್ಚುಗೆಯಿಂದ ತಲೆದೂಗಿದರು. ಯಾವ ವರ್ಷದ್ದು ಎಂದು ಕೇಳಿದರು. ನಾಲ್ವರು ಮಾಲೀಕರು ನಾಲ್ಕು ವರ್ಷ ಹೇಳಿದರು. ಎಲ್ಲವೂ ನಲವತ್ತರ ಆಚೆಯವೇ.

"ಸಂತೋಷ," ಎಂದರು ಇನ್ಸ್‌ಪೆಕ್ಟರ್. "ಚಾಸಿಸ್ ಒಂದರದ್ದು, ಎಂಜಿನ್ ಇನ್ನೊಂದರದ್ದು, ಅಲ್ವಾ? ಇವೆರಡೂ ಸೇರಿ ಮೊದಲು ಓಡಿದ್ದು ಯಾವತ್ತು?"

ಬೇರೆ ಯಾರೇ ಆಗಿದ್ದರೂ ಮೇಲೆ ನೋಡಿ ಏನಾದರೂ ತೇಲಿಸುತ್ತಿದ್ದರು. ಆದರೆ ಒಬ್ಬ ಗಡಿಯಾರದವನನ್ನು ಹೊತ್ತು ಕೇಳಿದ ಮೇಲೆ ಅವನು ಸುಳ್ಳು ಹೇಳುವುದು ಹೇಗೆ?

"ಮಂಗಳವಾರ," ಎಂದರು ಮುಳ್ಳಪ್ಪನವರು ಹೆಮ್ಮೆಯಿಂದ. "ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಗಡಿಬಿಡೀಲಿ ಸೆಕೆಂಡು ನೋಡ್ಲಿಲ್ಲ."

ಇನ್ಸ್‌ಪೆಕ್ಟರರ ಮುಖ ಬಾಡಿತು. ನಿಯಮದ ಪ್ರಕಾರ ಗಾಡಿಯ ವಯಸ್ಸು ಶುರುವಾಗುವುದು ಅದರ ಎಂಜಿನ್ ಅದರ ಚಾಸಿಸ್ಸಿನ ಮೇಲೆ ಕೂತ ದಿನದಿಂದ, ಎಂದು ಅವರು ಸಂಕೋಚದಿಂದ ವಿವರಿಸಿದರು. ಬಿಡಿಭಾಗಗಳ ವಯಸ್ಸು ಲೆಕ್ಕಕ್ಕಿಲ್ಲ.

"ಹಾಗಾಗಿ ನಿಮ್ಮ ಗಾಡಿ ಹುಟ್ಟಿದ್ದು ಮಂಗಳವಾರ, ಸಾರ್. ಇನ್ನೂ ವಾರ ತುಂಬಿಲ್ಲ. ಈ ಮೈದಾನದಲ್ಲಿ ಇದಕ್ಕಿಂತ ಹೊಸ ಗಾಡಿ ಇನ್ನೊಂದಿಲ್ಲ. ನನ್ನ ಜೀಪೇ ಇದಕ್ಕೆ ಅಣ್ಣ."

ಸಾಹೇಬರು ತಮ್ಮ ಹಳೆಯ ಹುದ್ದೆಯ ಹೆಸರನ್ನು ಎರಡು ಸಲ ಹೇಳಿಕೊಂಡರು. ಭಾವಮೈದ ನೀರಿನ ವ್ಯಾಪಾರದ ಕಾಲದಲ್ಲಿ ತನಗೆ ಗೊತ್ತಿದ್ದ ದೊಡ್ಡವರ ಹೆಸರುಗಳನ್ನು ಹೇಳಿದ. ಅವರಲ್ಲಿ ಯಾರೂ ಈಗ ಬದುಕಿರಲಿಲ್ಲ. ಎಲ್ಲರಿಗಿಂತ ಜೋರಾಗಿ ವಾದಕ್ಕಿಳಿದವರು ಹೆಂಡತಿ.

"ಸಾರ್, ತಾತನ ಕೋಟು ಬಿಚ್ಚಿ ಮೊಮ್ಮಗನಿಗೆ ಅಂಗಿ ಹೊಲಿದ್ರೆ, ಅದು ಹಳೇ ಬಟ್ಟೆ ಅಲ್ವಾ?"

"ಬಟ್ಟೆ ಹಳೇದು, ತಾಯಿ," ಎಂದರು ಇನ್ಸ್‌ಪೆಕ್ಟರ್ ಇನ್ನೂ ಮೆತ್ತಗೆ. "ಅಂಗಿ ಹೊಸದು."

ಮೂವತ್ತು ವರ್ಷ ಹೊಲಿದ ಕೈಗೆ ಇದು ನಿಜವೆಂದು ಗೊತ್ತಿತ್ತು. ಭಾವಮೈದ ಅಕ್ಕನ ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ನೀನು ಯಾರ ಕಡೆ? ಇದು ಸೋತ್ರೆ ಶೆಡ್ಡು ನಿನ್ದು" ಎಂದು ಪಿಸುಗುಟ್ಟಿದ.

"ನೀನು ಸುಮ್ನಿರೋ. ಅವ್ರು ಊಟ ಬಿಟ್ಟು ಕೂತಿದ್ದನ್ನ ನೀನು ನೋಡಿದ್ಯಾ?"

ಇನ್ಸ್‌ಪೆಕ್ಟರಿಗೂ ಹಾಗೇ ಕಳಿಸಲು ಮನಸ್ಸಿರಲಿಲ್ಲ. ಹೊಸ ಗಾಡಿ ಎಂದ ಮೇಲೆ ಹೊಸದರಂತೆ ದಾಖಲೆ ಮಾಡಿಸಬಹುದು, ನಿಧಾನವಾಗಿ, ಇಲಾಖೆಗೆ ಬಂದು. ಅದಕ್ಕೆ ಮೊದಲು ತಯಾರಕರು ಯಾರೆಂದು ಹೇಳಬೇಕಾಗುತ್ತದೆ, ಎಂದರು. ಯಾರು ತಯಾರಕರು?

ಮುಳ್ಳಪ್ಪನವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕೇಳುತ್ತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಜೀವಮಾನವಿಡೀ ಯಾರೋ ಮಾಡಿ ಕಳಿಸಿದ್ದನ್ನು ಬಿಚ್ಚಿ ಮುಚ್ಚಿದ ಮನುಷ್ಯನಿಗೆ ಈ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು.

"ನಾನು," ಎಂದರು.

ಮೆರವಣಿಗೆ ಇವರನ್ನು ಬಿಟ್ಟು ಹೊರಟಿತು. ಒಂದೊಂದೇ ಕಾರು ಬ್ಯಾಂಡಿನ ಹಿಂದೆ ಸಾಗಿಹೋಯಿತು. ಮುಳ್ಳಪ್ಪನವರು ಅವುಗಳನ್ನು ನೋಡುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟ. ಕನ್ನಡಕ ಇನ್ನೂ ಕೈಯಲ್ಲೇ ಇತ್ತು. ಹೊರಡೋಣ ಎಂದು ಲಿವರಿಗೆ ಕೈ ಹಾಕಿದಾಗ ಇನ್ಸ್‌ಪೆಕ್ಟರ್ ಮತ್ತೆ ಓಡಿಬಂದರು. ನಂಬರ್ ಇಲ್ಲದ ಹೊಸ ಗಾಡಿ ರಸ್ತೆಯ ಮೇಲೆ ಓಡುವ ಹಾಗಿಲ್ಲವಂತೆ. ಹಾಗಾದರೆ ಬೆಳಿಗ್ಗೆ ಬಂದದ್ದು ಎಂದು ಸಾಹೇಬರು ಕೇಳಿದ್ದಕ್ಕೆ, ಬಂದದ್ದನ್ನು ನಾನು ನೋಡಿಲ್ಲ, ಎಂದರು.

"ತಳ್ಕೊಂಡು ಹೋಗಿ ಸಾರ್. ತಳ್ಳಿದ್ರೆ ಅದು ಗಾಡಿ ಅಲ್ಲ, ಸಾಮಾನು."

ಭಾವಮೈದ ಇಳಿದ. ಸಾಹೇಬರು ಜಾಕೆಟ್ ಬಿಚ್ಚಿ ಇಳಿದರು. ತಾಯಿ, ಸೀಟು ಇರುವ ಕಡೆ ತಾನು, ಎಂದು ಮೊದಲೇ ಹೇಳಿಯಾಗಿದೆಯಲ್ಲ ಎನ್ನುವಂತೆ ಅಲ್ಲಾಡದೆ ಕೂತಿದ್ದರು.

"ಅಜ್ಜೀನ ಇಳಿಸ್ಬೇಡಿ," ಎಂದರು ಇನ್ಸ್‌ಪೆಕ್ಟರ್. "ನಲವತ್ತರ ನಿಯಮದ ಪ್ರಕಾರ ಈ ಗಾಡೀಲಿ ಅರ್ಹತೆ ಇರೋದು ಅವರೊಬ್ರಿಗೇ."

ಮುಳ್ಳಪ್ಪನವರು ಸ್ಟೀರಿಂಗ್ ಹಿಡಿದರು. ಹಿಂದೆ ಸಾಹೇಬರು, ಭಾವಮೈದ, ನಡುವೆ ರವಿಕೆಯ ತೋಳು ಮಡಚಿಕೊಂಡ ಹೆಂಡತಿ. ಗಾಡಿ ಕಿರುಗುಟ್ಟುತ್ತ ಮನೆಯ ದಾರಿ ಹಿಡಿಯಿತು. ಎಂಜಿನ್ ಇಲ್ಲದೆ ಅದು ಬೆಳಿಗ್ಗೆಗಿಂತ ಸ್ವಲ್ಪ ಬೇಗನೇ ಹೋಗುತ್ತಿತ್ತು.

"ಶೆಡ್ಡು ನಾಳೆಯಿಂದ ನನ್ನದು," ಎಂದರು ಹೆಂಡತಿ ಕೊನೆಗೆ, ತಳ್ಳುತ್ತಲೇ.

"ಹೂಂ," ಎಂದರು ಮುಂದಿನಿಂದ ಮುಳ್ಳಪ್ಪನವರು.

"ಮಿಷಿನ್ ಎಲ್ಲಾ ಒಳಗೆ ಹಾಕಿಸ್ತೀನಿ."

"ಹೂಂ." ಸ್ವಲ್ಪ ದೂರ ಹೋದ ಮೇಲೆ ಅವರು ತಿರುಗದೆಯೇ ಕೇಳಿದರು, "ಗುಜರಿಯವನಿಗೆ ಹೇಳಿದೀಯಾ?"

"ಹೇಳಿದೀನಿ. ಆ ಮಿಕ್ಕಿದ ಬಕೆಟ್ ಸಾಮಾನೆಲ್ಲ ತಗೊಂಡು ಹೋಗ್ಲಿ. ಹಳೇ ಗಾಡಿಗಳು ಗುಜರಿಗೆ ಅಂತ ತಾನೇ ನಾನು ಹೇಳಿದ್ದು?" ಹೆಂಡತಿ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತರು. "ಇದು ಎಲ್ಲಿ ಹಳೇದು? ಸರ್ಕಾರದವರೇ ಅಂದ್ರಲ್ಲ. ಜಗುಲಿ ಖಾಲಿ ಆಗತ್ತೆ, ಅಲ್ಲಿ ನಿಲ್ಸಿ."

ಅಷ್ಟರಲ್ಲಿ ಬೀದಿಯ ತಿರುವಿನ ಗುಂಡಿ ಬಂತು; ಹಿಂದಿನವರು ಹುಮ್ಮಸ್ಸಿನಿಂದ ಒಂದೇ ಸಮ ನೂಕಿದರು; ಚಿಕ್ಕ ಚಕ್ರ ಅದರೊಳಗೆ ಇಳಿದು ಗಾಡಿ ಇಡಿಯಾಗಿ ಒಮ್ಮೆ ಕುಲುಕಾಡಿತು. ತಯಾರಕರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ನಿಧಾನ ಕಣೇ," ಎಂದರು. "ಹೊಸ ಗಾಡಿ."